ಮಡ್ಡಮ್ಮನ ಗೂಡು

ಕಾರವಾರದ ಗುಡ್ಡದ ಮೇಲೆ, ಹಳೇ ಕಸ್ಟಮ್ಸ್ ಬಂಗಲೆಯ ಹಿತ್ತಲಲ್ಲಿ
ಎಂಟು ಮೂಲೆಯ ಒಂದು ಮಂಟಪ.
ವಾಸಕ್ಕಲ್ಲ, ಪೂಜೆಗಲ್ಲ.
ಸಂಜೆ ಚಹಾ ಕುಡಿಯುತ್ತ ದೇವಗಡದ ದೀಪ ನೋಡಲಿಕ್ಕೆಂದು
ಯಾವಳೋ ದೊರೆಸಾನಿ ಕಟ್ಟಿಸಿದ್ದು.
ಒಳಗೋಡೆಗೆ ನೆಲದಿಂದ ಸೂರಿನವರೆಗೆ ಚಿಪ್ಪು:
ಚಿಪ್ಪಿನ ಗುಲಾಬಿ, ಚಿಪ್ಪಿನ ತೋರಣ.
ಅವಳ ಹೆಸರು ಯಾರಿಗೂ ನೆನಪಿಲ್ಲ.
ಊರ ಬಾಯಲ್ಲಿ ಇದು ಮಡ್ಡಮ್ಮನ ಗೂಡು.

ಆಮೇಲೆ ನಲವತ್ತು ವರ್ಷ ಇದರೊಳಗೆ
ಬ್ಲೀಚಿಂಗ್ ಪೌಡರಿನ ಚೀಲ, ತುಕ್ಕು ಹಿಡಿದ ಪಂಪು,
ಸೋತ ಅಭ್ಯರ್ಥಿಯೊಬ್ಬನ ಪೋಸ್ಟರಿನ ಕಟ್ಟು.
ಅವನ ನಗು ಗೆದ್ದಲಿಗೂ ಹಿಡಿಸಿರಲಿಲ್ಲ.

ನನ್ನ ಕೆಲಸ ಎಣಿಸುವುದು.
ಹಲ್ಲುಜ್ಜುವ ಬ್ರಷ್ಷು, ಹಣೆಗೆ ಕಟ್ಟಿದ ಬ್ಯಾಟರಿ, ಚೌಕಳಿ ಪುಸ್ತಕ.
ಇರುವ ಚಿಪ್ಪು ಹನ್ನೊಂದು ಸಾವಿರದ ನಾನೂರ ಆರು.
ಉದುರಿದ್ದು ಎರಡು ಸಾವಿರದ ಮೇಲೆ.
ಉದುರಿದ್ದನ್ನೂ ಎಣಿಸಬಹುದು:
ಚಿಪ್ಪು ಹೋದರೂ ಅದರ ಬೆನ್ನಿನ ಗೆರೆ
ಸುಣ್ಣದ ಗುಳಿಯಲ್ಲಿ ಉಳಿದಿರುತ್ತದೆ,
ಹಪ್ಪಳದ ಹಿಟ್ಟಿನ ಮೇಲೆ ಬಳೆ ಒತ್ತಿದ ಹಾಗೆ.

ಇಂಜಿನಿಯರರು ಬಂದರು. ಇದೇನು ಮಹಾ,
ಸಿಮೆಂಟು ಮೆತ್ತಿ, ಬಿಳಿ ಹೊಡೆದು,
ಮುಂದೊಂದು ಸೆಲ್ಫಿ ಬೆಂಚು ಹಾಕಿದರಾಯಿತು.
ಗಾರೆಯ ಬಸ್ತ್ಯಾಂವ ಮಾತಾಡಲಿಲ್ಲ.
ಹಿಂದ್ಯಾರೋ ಹಾಕಿದ ಸಿಮೆಂಟಿನ ತೇಪೆಗೆ
ಉಳಿಯ ಹಿಡಿಯಿಂದ ತಟ್ಟಿದ. ಟೊಳ್ಳು.
ಇನ್ನೊಮ್ಮೆ ತಟ್ಟಿದ.
ತೇಪೆ ಇಡಿಯಾಗಿ ಕಳಚಿ ಬಿತ್ತು,
ಮೂವತ್ತೊಂದು ಚಿಪ್ಪನ್ನೂ ಜೊತೆಗೆ ಕಿತ್ತುಕೊಂಡು.
ಹನ್ನೊಂದು ಸಾವಿರದ ಮುನ್ನೂರ ಎಪ್ಪತ್ತೈದು
ಎಂದು ನಾನು ತಿದ್ದಿಕೊಂಡೆ.
ಇಂಜಿನಿಯರರು ಫೋನು ಬಂದಂತೆ ಮಾಡಿ ಹೊರಗೆ ನಡೆದರು.

ಒಂದು ತಿಂಗಳು ಸುಣ್ಣ ನೆನೆಯಿತು.
ಅಂಕೋಲೆಯಿಂದ ಎರಡು ಡಬ್ಬಿ ಜೋನಿ ಬೆಲ್ಲ,
ಅಳಲೆಕಾಯಿ ಕುದಿಸಿದ ನೀರು.
ಇರುವೆಗಳು ಸಾಲುಗಟ್ಟಿ ಬಂದು
ನಮಗಿಂತ ಮೊದಲೇ ಹದ ನೋಡಿದವು.

ಗುಳಿ ಗುರುತಿಸಲು ಲಾಡೂಬಾಯಿಯನ್ನು ಕರೆತಂದೆವು.
ಪೇಟೆ ಮುಗಿಸಿ, ಖಾಲಿ ಬುಟ್ಟಿ ಗಾಳಿಮರದ ಬುಡದಲ್ಲಿಟ್ಟು,
ಕಾಗೆಗೆ ಬೈದು ಒಳಗೆ ಬಂದಳು.
ಕಣ್ಣು ಮುಚ್ಚಿ, ಗುಳಿಗೆ ತೋರುಬೆರಳಿಟ್ಟು,
"ತಿಸರೆ.
ಖುಬೆ.
ಇದೂ ತಿಸರೆ, ಮರಿ.
ಇದು..."
ಬೆರಳು ಅಲ್ಲೇ ಸುತ್ತಿತು.
"ನಮ್ಮವ್ವ ತರ್ತಿದ್ಲು. ಹೆಸರೇ ಬಾಯಿಗೆ ಬರ್ತಾ ಇಲ್ಲ.
ಕಾಳಿ ಅಳಿವೆಲಿ ಈಗ ಇದು ಇಲ್ಲ."

ಐದನೇ ಗೋಡೆಯ ಗುಲಾಬಿಯ ಮುಂದೆ ನಿಂತು ನಕ್ಕುಬಿಟ್ಟಳು.
"ಇದೆಲ್ಲ ಬೇಯಿಸಿದ್ದು!"
ಹೇಗೆ ಗೊತ್ತು?
"ಹಸೀದನ್ನ ಸೀಳಿದ್ರೆ ಅಂಚಲ್ಲಿ ಕತ್ತಿಯ ಕಚ್ಚು ಇರ್ತದೆ.
ಇದಕ್ಕೆ ಎಲ್ಲುಂಟು ನೋಡಿ. ಬಿಸಿನೀರಲ್ಲಿ ತಾನಾಗೇ ಬಾಯಿ ಬಿಟ್ಟಿದ್ದು.
ಮಡ್ಡಮ್ಮನ ಹೂವಲ್ಲ ಇದು.
ಕೆಲಸದೋರ ಮಧ್ಯಾಹ್ನದ ಊಟ."

ನಾನು ಬ್ಯಾಟರಿ ಹತ್ತಿರ ಹಿಡಿದೆ.
ಎಸಳಿಗೆ ಎಸಳು, ಯಾರೋ ಹೀರಿ ಬಿಟ್ಟದ್ದು.
ನನ್ನ ಕೋಷ್ಟಕದಲ್ಲಿ ಬಣ್ಣಕ್ಕೆ ಕಲಮುಂಟು, ಅಳತೆಗುಂಟು,
ಹಸಿವಿಗಿರಲಿಲ್ಲ. ಷರಾ ಎಂಬಲ್ಲಿ ಬರೆದೆ: ಉಂಡದ್ದು.

ಮರುದಿನ ಲಾಡೂಬಾಯಿ ನಾಲ್ಕು ಪಾಲು ತಿಸರೆ ತಂದಳು.
ಬಂಗಲೆಯ ಹಿಂದೆ ಮೂರು ಕಲ್ಲು, ಒಣ ಗರಿಯ ಬೆಂಕಿ,
ಕಾಯಿ, ಕೆಂಪು ಮೆಣಸು, ಬಿಂಬುಳಿ.
ಉಂಡೆವು. ಕೈ ತೊಳೆದು, ಚಿಪ್ಪನ್ನೂ ತೊಳೆದೆವು.
ಹೊಸತರ ಬೆನ್ನಿಗೆ ಸೂಜಿಯಿಂದ ಇಸವಿ ಗೀರಿದೆ,
ಮುಂದೆ ಎಣಿಸುವವರಿಗೆ ಮೋಸವಾಗಬಾರದಲ್ಲ.
ಬಿಲ್ಲಿನಲ್ಲಿ ಊಟ ಹೋದದ್ದು ಸಾಮಗ್ರಿಯ ಲೆಕ್ಕಕ್ಕೆ.
ಸುಳ್ಳೇನಲ್ಲ.

ಹೆಸರು ಬಾರದ ಗುಳಿ ನಲವತ್ತೇಳು.
ಬೇರೆ ಚಿಪ್ಪು ತುರುಕಲು ಬಸ್ತ್ಯಾಂವ ಒಪ್ಪಲಿಲ್ಲ, ಹಾಗೇ ಬಿಟ್ಟೆವು.
ಇವತ್ತು ನೋಡಿದರೆ ಏಳನೇ ಗೋಡೆಯ ಒಂದಕ್ಕೆ
ಕುಂಬಾರ ಹುಳವೊಂದು ಕೆಮ್ಮಣ್ಣು ಹೊತ್ತು ತಂದು
ಯಾರನ್ನೂ ಕೇಳದೆ ಮೆತ್ತುತ್ತಿದೆ.
ಬಸ್ತ್ಯಾಂವ ಕರಣೆ ಕೆಳಗಿಟ್ಟು ಬಗ್ಗಿ ನೋಡಿ,
"ಕೈ ಚೆನ್ನಾಗಿದೆ" ಎಂದ.

ನಲವತ್ತಾರು ಎಂದು ತಿದ್ದಲೇ, ಬೇಡವೇ
ಎಂದು ಪೆನ್ಸಿಲು ಹಿಡಿದು ಕೂತಿದ್ದೇನೆ.